ಆಂಜನಪ್ಪನ ವೈರಿನಲ್ಲಿ ಮಟ್ಟು

ತಿಪಟೂರು ಬಸ್ಸಿನಲ್ಲಿ ಜನ ಏನೇನೋ ಹೊತ್ತು ತರುತ್ತಾರೆ. ಕೊಬ್ಬರಿ ಚೀಲ ತರುತ್ತಾರೆ, ಕೋಳಿ ತರುತ್ತಾರೆ. ಮೇಕೆಮರಿಗೆ ಶಾಲು ಹೊದಿಸಿ ಮಗುವೆಂದು ಹೇಳಿ ತಂದವರನ್ನೂ ನಾನು ಕಂಡಿದ್ದೇನೆ. ಆದರೆ ಒಂದು ಮಾರುದ್ದದ ಕರಿ ವೈರಿನಲ್ಲಿ ನಾಟಕದ ಹಾಡು ತುಂಬಿಕೊಂಡು, ಅದು ಚೆಲ್ಲದ ಹಾಗೆ ಎರಡು ತುದಿಯನ್ನೂ ಎತ್ತಿ ಹಿಡಿದು, ಶೆಟ್ಟಿಕೆರೆಯಿಂದ ತಿಪಟೂರಿನವರೆಗೆ ಹೋದವನು ನಮ್ಮ ಆಂಜನಪ್ಪ ಒಬ್ಬನೇ. ಪಕ್ಕದಲ್ಲಿ ನಾನೇ ಇದ್ದೆ, ಹಾಗಾಗಿ ಇದು ಕೇಳಿದ ಮಾತಲ್ಲ.

ಆಂಜನಪ್ಪ ನಮ್ಮ ಪಕ್ಕದ ತೋಟದವನು. ಒಳ್ಳೆಯವನು. ಇಷ್ಟು ಹೇಳಿ ನಿಲ್ಲಿಸಿದರೆ ಅವನಿಗೂ ಮರ್ಯಾದೆ, ನನಗೂ ಮರ್ಯಾದೆ. ಆದರೆ ಪಂಪ್‌ಸೆಟ್ಟಿಗೆ ಪೈಪು ಜೋಡಿಸಲು ಹೋಗಿ ತೊಟ್ಟಿಯ ನೀರನ್ನೆಲ್ಲ ವಾಪಸ್ಸು ಬಾವಿಗೆ ಹಾಯಿಸಿದವನೂ ಅವನೇ. ನಮ್ಮೂರ ನಾಟಕದಲ್ಲಿ ಅವನದು ದೂತನ ಪಾರ್ಟು. "ಪ್ರಭೂ, ಶತ್ರುಗಳು ಬಂದರು" ಎಂಬ ಒಂದು ಮಾತು, ಆಮೇಲೆ ಎರಡು ಸಾಲಿನ ಹಾಡು. ಒಂದು ವರ್ಷ ಏದುಸಿರು ಬಿಡುತ್ತಾ ಓಡಿಬಂದು, "ಪ್ರಭೂ, ನೆಂಟರು ಬಂದರು" ಎಂದುಬಿಟ್ಟ. ರಾಜ ಕತ್ತಿ ಹಿರಿದು ನಿಂತಿದ್ದಾನೆ, ನೆಂಟರ ಮೇಲೆ ಹೇಗೆ ಬೀಸುವುದು? ಪರದೆ ಎಳೆಯುವ ಕೆಲಸ ನನ್ನದಾದ್ದರಿಂದ ಅವತ್ತು ರಾಜ್ಯ ಉಳಿಯಿತು.

ಆ ನಾಟಕದ ಹೆಸರು 'ಚಂಡಕೇತು ಮಹಾರಾಜ'. ಅದು ಯಾವ ಅಂಗಡಿಯಲ್ಲೂ ಸಿಗುವ ಪುಸ್ತಕವಲ್ಲ. ಕಥೆ, ಮಾತು, ಹಾಡಿನ ಮಟ್ಟು, ಎಲ್ಲವನ್ನೂ ನಮ್ಮ ಹಾರ್ಮೋನಿಯಂ ಮೇಷ್ಟ್ರು ಶಂಭುಲಿಂಗಯ್ಯನವರೇ ಕಟ್ಟಿದ್ದರು. ಮಾತು ನಮ್ಮ ಬಾಯಲ್ಲಿತ್ತು, ಮಟ್ಟುಗಳು ಮಾತ್ರ ಅವರ ಬೆರಳಿನಲ್ಲಿದ್ದವು. ಮೇಷ್ಟ್ರು ಯಾರನ್ನೂ ಬಾಯಿಬಿಟ್ಟು ಹೊಗಳಿದವರಲ್ಲ. ತಾಲೀಮಿನಲ್ಲಿ ಒಬ್ಬ ತನ್ನ ಹಾಡನ್ನು ತಾಳ ತಪ್ಪದೆ ಮುಗಿಸಿದರೆ ಹಾರ್ಮೋನಿಯಂ ಬಿಟ್ಟು ಎರಡೂ ಕೈ ಎತ್ತಿ ಒಂದೇ ಒಂದು ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಬಿದ್ದರೆ ಪಾಸು. ಆಂಜನಪ್ಪನಿಗೂ ಬಿದ್ದಿತ್ತು.

ಬೀಳದೆ ಉಳಿದವನು ತಿಮ್ಮರಾಜು ಒಬ್ಬ. ಅವನದು ರಾಜಾಪಾರ್ಟು. ನಾಟಕ ಸಂಘದ ಅಧ್ಯಕ್ಷನೂ ಅವನೇ. ಗಂಟಲು ಗಂಟೆಯಂಥದ್ದು, ಅನುಮಾನವಿಲ್ಲ. ಆದರೆ ಅವನು ಒಂದು ಸ್ವರ ಹಿಡಿದು ಮೇಲೆ ಹತ್ತಿದನೆಂದರೆ ತಾಳ ಮನೆಗೆ ಹೋಗಿ ಮುದ್ದೆ ಉಂಡು ಬರಬಹುದಿತ್ತು. ಮೇಷ್ಟ್ರು ಅದೇ ಸ್ವರದ ಮೇಲೆ ಬೆರಳಿಟ್ಟುಕೊಂಡು, ಮರ ಹತ್ತಿದವನು ಇಳಿಯಲಿ ಎಂದು ಕೆಳಗೆ ನಿಂತು ಕಾಯುವವರ ಹಾಗೆ ಕಾಯುತ್ತಿದ್ದರು. ಅವನು ಇಳಿದ ಮೇಲೆ ಮುಂದಿನ ಸಾಲು. ಚಪ್ಪಾಳೆ ಮಾತ್ರ ಇಲ್ಲ.

ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆಯೂ ಮೆಲ್ಲಗೆ ಬಂತು. ಬಲಗೈ ಮಾತ್ರ ಬರಲಿಲ್ಲ. ಅವರ ಹೆಂಡತಿ ದ್ರಾಕ್ಷಾಯಣಮ್ಮ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿದರು. ಮೇಷ್ಟ್ರು ಅದಕ್ಕೆ ಬೆನ್ನು ಹಾಕಿ ಕೂರುವುದನ್ನು ಅಭ್ಯಾಸ ಮಾಡಿಕೊಂಡರು.

ನಾಟಕ ಶುರುವಾಗುವ ಮುಂಚೆ ಮೇಷ್ಟ್ರಿಗೆ ವೀಳ್ಯ ಕೊಡುವುದು ನಮ್ಮಲ್ಲಿ ಪದ್ಧತಿ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಜುಟ್ಟಿನ ತೆಂಗಿನಕಾಯಿ. ವೀಳ್ಯ ಯಾರ ಕೈಗೆ ಹೋಯಿತೋ ನಾಟಕ ಅವರದು. ಆ ವರ್ಷ ಹೋಟೆಲಿನಲ್ಲಿ ಟೀ ಕುಡಿಯುತ್ತಾ ತಿಮ್ಮರಾಜು ಹೇಳಿದ: "ಬರೋ ಭಾನುವಾರ ವೀಳ್ಯ. ತುರುವೇಕೆರೆ ಕಡೆಯಿಂದ ಹೊಸ ಮೇಷ್ಟ್ರು ಬತ್ತಾರೆ. ಹೊಸ ನಾಟಕ ತತ್ತಾರೆ."

"ನಮ್ ಮೇಷ್ಟ್ರು ಬದುಕವ್ರೆ ಕಣಪ್ಪಾ" ಎಂದ ಆಂಜನಪ್ಪ.

"ಬದುಕಿಲ್ಲ ಅಂದೋರ್ಯಾರು? ನೂರು ವರ್ಷ ಇರ್ಲಿ. ಆದ್ರೆ ಕೈ ಒಂದೇ ಅಲ್ವೇನ್ಲಾ? ಒಂದು ಕೈಲಿ ಚಪ್ಪಾಳೆ ಆಯ್ತದಾ?"

ಇಂಥ ಹೊತ್ತಿನಲ್ಲಿ ಬುದ್ಧಿವಂತರು ಟೀ ಲೋಟದೊಳಗೆ ನೋಡುತ್ತಾರೆ. ನಾವೆಲ್ಲ ನೋಡಿದೆವು. ಆಂಜನಪ್ಪ ಎದ್ದು ನಿಂತ.

"ಭಾನುವಾರ ಹೊಸ ಮೇಷ್ಟ್ರುನ್ನ ಕರೀಬ್ಯಾಡ ತಿಮ್ಮರಾಜಣ್ಣ. ಬಲಗೈ ಮಾಡೋ ಕೆಲಸನ ಮಾಡೋ ಮಿಷನ್ ಐತೆ. ನಮ್ ಸುನಂದನ ಅಂಗಡೀಲಿ ಕಣ್ಣಾರೆ ನೋಡ್ಬಂದಿವ್ನಿ. ತತ್ತೀನಿ. ನಮ್ ಮೇಷ್ಟ್ರೇ ನಾಟಕ ಕಲಿಸ್ತಾರೆ."

"ಆಗ್ಲಿಲ್ಲ ಅಂದ್ರೆ?"

"ಆಗ್ಲಿಲ್ಲ ಅಂದ್ರೆ ನಿನ್ನಿಷ್ಟ ಬುಡು. ಯಾರಿಗಾರ ಕೊಡು ವೀಳ್ಯ."

ಸುನಂದಾ ಆಂಜನಪ್ಪನ ತಂಗಿಯ ಮಗಳು. ತಿಪಟೂರಿನಲ್ಲಿ ಕಂಪ್ಯೂಟರು ಕಲಿಸುವ ಅಂಗಡಿ ಇಟ್ಟಿದ್ದಳು. ಅವಳ ಗಂಡ ದಿನೇಶ್ ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ಬಾರಿಸುವವನು. ಆಂಜನಪ್ಪ ಕೊಬ್ಬರಿ ಹರಾಜಿಗೆ ಹೋದಾಗ ನೀರು ಕುಡಿಯಲು ಅಲ್ಲಿಗೆ ನುಗ್ಗಿದ್ದ. ದಿನೇಶ್ ಕೀಬೋರ್ಡಿನಿಂದ ಕಂಪ್ಯೂಟರಿಗೆ ಒಂದು ವೈರು ಹಾಕಿ, ಒಂದೇ ಕೈಯಲ್ಲಿ ಎಮ್ಮೆ ನಡೆದಷ್ಟು ನಿಧಾನವಾಗಿ ಬಾರಿಸಿದ. ಆಮೇಲೆ ಕೈಕಟ್ಟಿ ಕೂತ. ಕಂಪ್ಯೂಟರು ಅದನ್ನೇ ಕುದುರೆಯ ಓಟದಲ್ಲಿ ತಾನೇ ಬಾರಿಸಿತು. ಆಂಜನಪ್ಪ ನೀರು ಕುಡಿಯುವುದನ್ನು ಮರೆತು ಲೋಟ ಹಿಡಿದುಕೊಂಡೇ ಬಸ್‌ಸ್ಟ್ಯಾಂಡಿಗೆ ಬಂದಿದ್ದ. ಆ ಲೋಟ ಈಗಲೂ ಅವನ ಮನೆಯಲ್ಲಿದೆ.

ಹೋಟೆಲಿನಲ್ಲಿ ಅವನು ಹೇಳಿದಾಗ ಅದು ಮಿಷನ್ನು. ಹಾಲಿನ ಡೈರಿಗೆ ಬರುವ ಹೊತ್ತಿಗೆ ರಬ್ಬರಿನ ಕೈ ಆಗಿತ್ತು. ಹಿಟ್ಟಿನ ಗಿರಣಿಯ ಹತ್ತಿರ ಅದಕ್ಕೆ ಬೆರಳು ಮೂಡಿದವು. ಬೆಳಿಗ್ಗೆ ನಲ್ಲಿಯ ಮುಂದೆ ಹೆಂಗಸರು ಉಗುರನ್ನೂ ಬೆಳೆಸಿದರು. ಮೊದಲು ಬಂದವರು ಗುರುಶಾಂತಮ್ಮ.

"ಆಂಜನಪ್ಪ, ಹೆಂಗೂ ತಿಪಟೂರಿಗೆ ಹೋಯ್ತೀಯ. ನಮ್ ಯಜಮಾನ್ರಿಗೆ ಒಂದು ಮಂಡಿಚಿಪ್ಪು ಸಿಕ್ತದಾ ನೋಡಪ್ಪ. ಹೊಸದೇ ಆಗ್ಬೇಕು ಅಂತಿಲ್ಲ."

ಅವರನ್ನು ಸಾಗಹಾಕುವಷ್ಟರಲ್ಲಿ ಆಸ್ಪತ್ರೆಯ ಕಾಂಪೌಂಡರು ಸೈಕಲ್ಲಿನಲ್ಲಿ ಬಂದರು. ಮುಖ ಗಂಭೀರವಾಗಿತ್ತು.

"ನೋಡ್ರೀ, ಡಾಕ್ಟ್ರ ಚೀಟಿ ಇಲ್ದೆ ಮನುಷ್ಯರಿಗೆ ಕೈ ಜೋಡ್ಸೋ ಹಂಗಿಲ್ಲ. ನಾಳೆ ಏನಾರ ಆದ್ರೆ ನನ್ನ ಕೇಳ್ತಾರೆ."

"ಕೈ ಅಲ್ಲ ಸಾ, ವೈರು."

"ವೈರಾ?" ಕಾಂಪೌಂಡರ ಮುಖ ಅರಳಿತು. "ವೈರು ಜೋಡ್ಸೋದಾದ್ರೆ ಲೈನ್‌ಮ್ಯಾನ್ ಕೇಳ್ರಿ. ಅದು ನಮ್ ಇಲಾಖೆ ಅಲ್ಲ." ಸೈಕಲ್ಲು ತಿರುಗಿಸಿಕೊಂಡು ಹಾಡು ಗುನುಗುತ್ತಾ ಹೋದರು.

ಆಂಜನಪ್ಪ ತಿಪಟೂರಿಗೆ ಹೋಗಿ ದಿನೇಶನ ಹಳೇ ಕೀಬೋರ್ಡನ್ನೂ ವೈರನ್ನೂ ಕೇಳಿ ತಂದ. ಕಂಪ್ಯೂಟರನ್ನು ತರಲಿಲ್ಲ. "ಅದ್ಯಾಕೆ ಈಗ್ಲೇ? ಕಾಯಿ ಇಲ್ಲಿ ಒಣಗಿಸಿ ಕೊಬ್ಬರಿನ ಅಲ್ಲಿ ಮಾರಲ್ವಾ? ಹಂಗೇ" ಎಂದ. ಏನು ಹಂಗೇ ಎಂದು ನನಗೆ ತಿಳಿಯಲಿಲ್ಲ. ಅವನು ಅಷ್ಟು ಧೈರ್ಯವಾಗಿ ಹೇಳಿದಾಗ ಕೇಳುವುದು ಸರಿಯಲ್ಲವೆಂದು ಸುಮ್ಮನಾದೆ.

ಕೀಬೋರ್ಡನ್ನು ಮೇಷ್ಟ್ರ ಮನೆಗೆ ಹೊತ್ತುಕೊಂಡು ಹೋದೆವು. ಮೇಷ್ಟ್ರು ಅದನ್ನು ನೋಡಿ ಮುಖ ತಿರುಗಿಸಿದರು.

"ಬ್ಯಾಡ ಆಂಜನಪ್ಪ. ನನ್ನ ಎಡಗೈಗೆ ಗೊತ್ತಿರೋದು ಗಾಳಿ ಹಾಕೋದೊಂದೇ. ಜೀವಮಾನೆಲ್ಲ ಬಲಗೈಗೆ ಗಾಳಿ ಬೀಸ್ಕೊಂಡು ಬಂತು ಅದು. ಆಳಿನ ಕೈಯಿ. ಅದಕ್ಕೇನು ಬತ್ತದೆ?"

"ಮೇಷ್ಟ್ರೇ, ಇದಕ್ಕೆ ಗಾಳಿನೇ ಬ್ಯಾಡ" ಎಂದ ಆಂಜನಪ್ಪ.

ಮೇಷ್ಟ್ರು ತಿರುಗಿದರು. ಕೀಬೋರ್ಡಿನ ಹಿಂದೆ ತಿದಿ ಇದೆಯೇ ಎಂದು ಬಗ್ಗಿ ನೋಡಿದರು. ಇರಲಿಲ್ಲ. ಎಡಗೈಯನ್ನು ತೊಡೆಯ ಮೇಲಿಂದ ಎತ್ತಿ, ಕೆಲಸ ಕಳೆದುಕೊಂಡ ಆಳನ್ನು ನೋಡುವ ಹಾಗೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಬಿಳಿ ಮನೆಯ ಮೇಲಿಟ್ಟರು. ಹಾರ್ಮೋನಿಯಂನಲ್ಲಿ ಒತ್ತುವ ಕರಿ ಬಿಳಿ ಪಟ್ಟಿಗಳನ್ನು ನಾವು ಮನೆ ಎನ್ನುತ್ತೇವೆ.

ಚಂಡಕೇತು ಮಹಾರಾಜನ ಪ್ರವೇಶದ ಮಟ್ಟು ಬಂತು. ಎಷ್ಟು ನಿಧಾನ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮಹಾರಾಜ ಎರಡು ಸಲ ಕೂತು ಎದ್ದು ಬರಬಹುದಿತ್ತು. ಆದರೆ ಒಂದು ಸ್ವರವೂ ತಪ್ಪಲಿಲ್ಲ. ದ್ರಾಕ್ಷಾಯಣಮ್ಮ ಅಡಿಗೆ ಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತರು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿದ್ದುದು ಅವರಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ.

ಗೊತ್ತಾಗಿದ್ದರೆ ಆಂಜನಪ್ಪ ಏನು ಮಾಡುತ್ತಿದ್ದಾನೆ ಎಂದೂ ನೋಡುತ್ತಿದ್ದೆ. ಅವನು ವೈರಿನ ಒಂದು ತುದಿಯ ಎರಡು ಕವಲನ್ನೂ ಕೀಬೋರ್ಡಿಗೆ ಚುಚ್ಚಿ, ಇನ್ನೊಂದು ತುದಿಯ ಬಾಯಿಗೆ ತೆಂಗಿನ ನಾರು ತುರುಕಿ ಎತ್ತಿ ಹಿಡಿದುಕೊಂಡು ಕೂತಿದ್ದ. ಹಾಡು ಮುಗಿದ ತಕ್ಷಣ ಕೀಬೋರ್ಡಿನಿಂದ ವೈರನ್ನು ಕಿತ್ತು, ಆ ತುದಿಗೂ ನಾರು ತುರುಕಿದ.

"ತುಂಬ್ತು" ಎಂದು ನನ್ನ ಕಡೆ ತಿರುಗಿದ. "ನಡಿ ಭಾವ, ಬಸ್ಸಿಗೆ ಹೊತ್ತಾಯ್ತು."

ಆಗ ನನಗೆ ಅರ್ಥವಾಯಿತು. ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ಸಣ್ಣ ಪೈಪಿನಲ್ಲಿ ನೀರು ತುಂಬಿ, ಎರಡು ತುದಿಗೂ ಹೆಬ್ಬೆರಳು ಒತ್ತಿ ಹೊತ್ತೊಯ್ಯುತ್ತಾರಲ್ಲ, ಹಾಗೆ. ನಿಜ ಹೇಳಬೇಕೆಂದರೆ ನನಗೂ ಅದು ಸರಿಯೆಂದೇ ಕಂಡಿತು.

ಬಸ್ಸು ತುಂಬಿತ್ತು. ಕಂಡಕ್ಟರು ಬಂದರು.

"ಏನ್ರೀ ಅದು, ಹಾವು ಹಿಡ್ದಂಗೆ ಹಿಡ್ದಿದೀರ?"

"ಮಟ್ಟು ಸಾ. ನಮ್ ಮೇಷ್ಟ್ರ ಎಡಗೈದು. ವಸಿ ಉಬ್ಬುತಗ್ಗು ನೋಡ್ಕೊಂಡು ಹೋಗೋಕೆ ಹೇಳಿ ಡ್ರೈವರ್‌ಗೆ. ಅಲುಗಾಡಿದ್ರೆ ಸ್ವರ ಹಿಂದೆಮುಂದೆ ಆಗ್ಬುಡ್ತವೆ."

ಕಂಡಕ್ಟರು ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗಿನ ತೆಂಗಿನ ಮರಗಳನ್ನು ನೋಡಿದೆ. ಅವರು ಕೊನೆಗೆ, "ಲಗೇಜ್ ಟಿಕೆಟ್ ಹಾಕ್ಲಾ ಬ್ಯಾಡ್ವಾ ಅಂತ ರೂಲ್ಸಲ್ಲಿಲ್ಲ, ಹೋಗ್ಲಿ ಬುಡಿ" ಎಂದು ಒಬ್ಬರನ್ನು ಎಬ್ಬಿಸಿ ಜಾಗ ಕೊಡಿಸಿದರು. ಪಕ್ಕದಲ್ಲಿದ್ದ ಕಂದಿಕೆರೆಯ ಅಜ್ಜಿಯೊಂದು ವೈರಿಗೆ ಕಿವಿಯಿಟ್ಟು, "ಮಲಗೈತೆ ಅನ್ಸುತ್ತೆ ಕಣಪ್ಪ" ಎಂದಿತು. ಆಂಜನಪ್ಪನಿಗೆ ಬಹಳ ಸಮಾಧಾನವಾಯಿತು.

ಸುನಂದಾ ನಕ್ಕದ್ದನ್ನು ಬರೆಯಲು ನನಗೆ ಬರುವುದಿಲ್ಲ. ಕುರ್ಚಿ ಹಿಡಿದು ನಕ್ಕಳು, ಕುರ್ಚಿ ಬಿಟ್ಟು ನಕ್ಕಳು, ಒಳಗೆ ಹೋಗಿ ನೀರು ಕುಡಿದು ಬಂದು, ವೈರಿನ ತುದಿಯ ನಾರು ನೋಡಿ ಮತ್ತೆ ನಕ್ಕಳು. ಕಡೆಗೆ ಮಾವನ ಮುಖ ಸಣ್ಣದಾದದ್ದನ್ನು ಕಂಡು ಕಣ್ಣೊರೆಸಿಕೊಂಡು ಪಕ್ಕಕ್ಕೆ ಬಂದು ಕೂತಳು.

"ಮಾವ, ಈ ವೈರಲ್ಲಿ ಹಾಡು ಹರಿಯಲ್ಲ. ಶಬ್ದನೇ ಹರಿಯಲ್ಲ. ಯಾವ ಮನೆ ಒತ್ತಿದ್ರು, ಎಷ್ಟು ಜೋರಾಗಿ ಒತ್ತಿದ್ರು, ಯಾವಾಗ ಬಿಟ್ರು, ಅಷ್ಟೇ ಹೋಗಿ ಹೇಳುತ್ತೆ. ಅದನ್ನ ತಿಳ್ಕೊಂಡು ಕಂಪ್ಯೂಟರ್ ತನ್ನ ಗಂಟಲಲ್ಲಿ ಹಾಡುತ್ತೆ. ಒತ್ತೋವಾಗ್ಲೇ ಆ ಕಡೆ ಕಂಪ್ಯೂಟರ್ ಇರ್ಬೇಕು."

ಆಂಜನಪ್ಪ ಹೆಗಲ ಮೇಲಿನ ಟವಲನ್ನು ತೆಗೆದು ನನ್ನ ಕೈಯ ಮೇಲೆ ಹಾಸಿ, ಅದರಡಿಯಲ್ಲಿ ನನ್ನ ಬೆರಳು ಹಿಡಿದ.

"ದನದ ಸಂತೇಲಿ ದಲ್ಲಾಳಿಗಳು ಟವಲ್ ಕೆಳಗೆ ಬೆರಳು ಹಿಡ್ದು ರೇಟ್ ಹೇಳಲ್ವಾ? ಬಾಯಲ್ಲಿ ಮಾತಿಲ್ಲ, ಎತ್ತೂ ಟವಲೊಳಗಿಲ್ಲ. ಆದ್ರೂ ವ್ಯಾಪಾರ ಆಯ್ತದೆ. ಹಂಗಾ?"

"ಹಂಗೇ ಮಾವ!" ಎಂದಳು ಸುನಂದಾ. ನಗುವುದನ್ನು ಮರೆತಿದ್ದಳು. "ಇನ್ಮೇಲೆ ಹುಡುಗ್ರಿಗೆ ನಾನೂ ಹಿಂಗೇ ಹೇಳ್ಕೊಡ್ತೀನಿ."

"ಹಂಗಾರೆ ಎರಡು ಕಡೆಯೋರೂ ಒಂದೇ ಟವಲ್ ಕೆಳಗಿರ್ಬೇಕು. ನಡಿ, ಕಂಪ್ಯೂಟರ್ ಎತ್ತು."

ಭಾನುವಾರ ಬೆಳಿಗ್ಗೆ ಲಗೇಜ್ ಆಟೋದಲ್ಲಿ ಕಂಪ್ಯೂಟರು ನಮ್ಮೂರಿಗೆ ಬಂತು. ಅಲುಗಾಡದ ಹಾಗೆ ಸುತ್ತಲೂ ತೆಂಗಿನ ನಾರು ತುಂಬಿ, ಮೇಲೆ ಕೊಬ್ಬರಿ ಚೀಲ ಹೊದಿಸಿದ್ದರು. ಆಂಜನಪ್ಪನ ಹೆಂಡತಿ ಲಕ್ಷ್ಮಕ್ಕ ಹೊಸಿಲಲ್ಲಿ ನಿಲ್ಲಿಸಿ ಆರತಿ ಎತ್ತಿ, ಟಿ.ವಿ.ಯಂಥ ಆ ಪೆಟ್ಟಿಗೆಯ ಹಣೆಗೆ ಕುಂಕುಮವಿಟ್ಟಳು. ಅಟ್ಟದ ಕೆಳಗಿನ ಪಡಸಾಲೆಯಲ್ಲಿ ಊರಿಗೆ ಊರೇ ಸೇರಿತ್ತು. ಮೇಷ್ಟ್ರೂ ದ್ರಾಕ್ಷಾಯಣಮ್ಮನೂ ಬಂದು ಗೋಡೆಗೆ ಒರಗಿ ಕೂತರು. ತಿಮ್ಮರಾಜು ವೀಳ್ಯದ ತಟ್ಟೆಯನ್ನು ತಂದು, ಯಾರ ಮುಂದೆಯೂ ಇಡದೆ ತನ್ನ ಪಕ್ಕದಲ್ಲೇ ಇಟ್ಟುಕೊಂಡ. ತುರುವೇಕೆರೆಯವರಿಗೆ ಮಧ್ಯಾಹ್ನದ ಬಸ್ಸಿಗೆ ಬರಲು ಹೇಳಿದ್ದನಂತೆ.

ನಾರೆಲ್ಲ ಬಿಡಿಸಿ ಆದ ಮೇಲೆ ಗುರುಶಾಂತಮ್ಮ ಕೇಳಿದರು: "ಎಲ್ಲಾ ಸರಿ, ಕೈ ಎಲ್ಲಿ?"



ಸುನಂದಾ ಮುಂದೆ ಕೂತಳು, ಆಂಜನಪ್ಪ ವೈರಿನ ಕವಲುಗಳನ್ನು ಕೀಬೋರ್ಡಿಗೆ ಹಾಕಿ, ಇನ್ನೊಂದು ತುದಿ ಹಿಡಿದು ಕಂಪ್ಯೂಟರಿನ ಹಿಂದೆ ಹೋದ. ವೈರು ಒಳಗೆ ಹೋಗಲೊಲ್ಲದು. ತಳ್ಳಿದ, ತಿರುಚಿದ, ಗುರಿಯಿಟ್ಟು ಗುದ್ದಿದ. ಸುನಂದಾ ಬಂದು ನೋಡಿದರೆ ತುದಿಯಲ್ಲಿ ಬಸ್ಸಿನ ದಿನದ ನಾರು ಇನ್ನೂ ಕೂತಿದೆ. ಪಿನ್ನು ತೆಗೆದುಕೊಂಡು ಕೆದಕಿ ತೆಗೆದಳು. ವೈರು ಹೋಯಿತು. ಮೇಷ್ಟ್ರು ಎಡಗೈಯಿಂದ ಒಂದು ಮನೆ ಒತ್ತಿದರು. ಕಂಪ್ಯೂಟರು ತುಟಿ ಬಿಚ್ಚಲಿಲ್ಲ.

ತಿಮ್ಮರಾಜು ಗೋಡೆಗಡಿಯಾರ ನೋಡಿದ. "ತುರುವೇಕೆರೆ ಬಸ್ಸು ಇಷ್ಟೊತ್ತಿಗೆ ಹೊಂಟಿರ್ತದೆ" ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿದ. ಮೇಷ್ಟ್ರು ಎಡಗೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟರು. ದ್ರಾಕ್ಷಾಯಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನನ್ನ ಹತ್ತಿರ ಮೆಲ್ಲಗೆ, "ಇವತ್ತು ಆಗ್ಲಿಲ್ಲ ಅಂದ್ರೆ ಆ ಪೆಟ್ಟಿಗೆ ಮೇಲಿನ ಕಂಬಳಿ ಇವ್ರು ಇನ್ನು ತೆಗ್ಯಲ್ಲ ಕಣಣ್ಣ" ಎಂದರು.

ಲಕ್ಷ್ಮಕ್ಕ ಆರತಿ ತಟ್ಟೆ ಹಿಡಿದುಕೊಂಡೇ ಗಂಡನ ಹಿಂದೆ ಬಗ್ಗಿ ನೋಡಿದಳು.

"ಏನಂತ ಬರ್ದೈತೆ ಅದ್ರ ಮ್ಯಾಲೆ?"

"ಕೀಬೋರ್ಡಿಗೆ ಎರಡು ತೂತು ಕಣೇ. ಒಂದು ಇನ್ನು, ಒಂದು ಔಟು. ವೈರಿಗೂ ಎರಡು ಕವಲು. ಒಂದು ಇನ್ನು, ಒಂದು ಔಟು. ಇನ್ನಿಗೆ ಇನ್ನು ಹಾಕಿವ್ನಿ, ಔಟಿಗೆ ಔಟು ಹಾಕಿವ್ನಿ. ಹೆಸರು ನೋಡೇ ಹಾಕಿವ್ನಿ."

"ಅಯ್ಯೋ ನಿನ್ ಬುದ್ಧಿಗಿಷ್ಟು! ಎರಡೂ ಒಂದೇ ಬೆಡಗಿನೋರು, ಒಂದೇ ಗೋತ್ರದೋರು ಅಂದಂಗಾಯ್ತು. ಒಂದೇ ಬೆಡಗಲ್ಲಿ ಯಾರಾರ ಸಂಬಂಧ ಬೆಳೆಸ್ತಾರಾ? ನಮ್ಮನೆ ಹೆಣ್ಣು ಬ್ಯಾರೆ ಬೆಡಗಿಗೆ ಹೋಗ್ಬೇಕು, ಬ್ಯಾರೆ ಬೆಡಗಿನ ಹೆಣ್ಣು ನಮ್ಮನೆಗೆ ಬರ್ಬೇಕು!"

ಜನ ನಕ್ಕರು. ಸುನಂದಾ ನಗಲಿಲ್ಲ. ಹಣೆಗೆ ಕೈ ಬಡಿದುಕೊಂಡು, "ಅತ್ತೆ, ಅದೇ ಆಗಿರೋದು!" ಎಂದು ಎರಡನ್ನೂ ಕಿತ್ತು ಅದಲು ಬದಲು ಹಾಕಿದಳು. ಮೇಷ್ಟ್ರು ಅಂಜುತ್ತಾ ಒಂದು ಮನೆ ಒತ್ತಿದರು. ಕಂಪ್ಯೂಟರಿನ ಪಕ್ಕದ ಡಬ್ಬಿಗಳು ಸ್ವರ ಹಿಡಿದವು. ಲಕ್ಷ್ಮಕ್ಕ ಅಭ್ಯಾಸಬಲದಿಂದ ಇನ್ನೊಂದು ಸಲ ಆರತಿ ಎತ್ತಿದಳು.

ಮೇಷ್ಟ್ರು ಮಹಾರಾಜನ ಪ್ರವೇಶವನ್ನು ಎಡಗೈಯಲ್ಲಿ ಬಾರಿಸಿದರು, ಅದೇ ಎಮ್ಮೆ ನಡಿಗೆಯಲ್ಲಿ. ಪರದೆಯ ಮೇಲೆ ಸಣ್ಣ ಸಣ್ಣ ಗೆರೆಗಳು ನಾಟಿ ಹಾಕಿದ ಪೈರಿನ ಹಾಗೆ ಸಾಲಾಗಿ ಮೂಡಿದವು. ಒತ್ತಿದ ಒಂದು ಬೆರಳನ್ನೂ ಅದು ಮರೆತಿರಲಿಲ್ಲ. "ಈಗ ಯಾವ ವಾದ್ಯದಲ್ಲಿ ಹಾಡ್ಬೇಕು ಅಂತ ಹೇಳಿದ್ರೆ ಆಯ್ತು. ನೂರಾರು ಅವೆ ಇದ್ರಲ್ಲಿ" ಎಂದಳು ಸುನಂದಾ. ನೂರಾರು ಎಂದ ಕೂಡಲೇ ಆಂಜನಪ್ಪ ನೋಡಲು ಬಗ್ಗಿದ. ಬಗ್ಗಿದವನು ಮೌಸಿನ ಮೇಲೆ ಕೈಯೂರಿದ.

ಢಂ! ಢಂ! ಢಢಂ!

ಮೇಷ್ಟ್ರ ಮಟ್ಟೇ ಅದು, ಒಂದೊಂದು ಸ್ವರಕ್ಕೆ ಒಂದೊಂದು ಗುಂಡು. ಕೋಳಿಗಳು ಅಟ್ಟ ಹತ್ತಿದವು. ಹಗ್ಗ ಕಿತ್ತುಕೊಂಡ ಕರು ತಿಪಟೂರು ರಸ್ತೆ ಹಿಡಿಯಿತು. ಚಂಡಕೇತು ಮಹಾರಾಜ ವೀಳ್ಯದ ತಟ್ಟೆಯನ್ನು ಎದೆಗೆ ಅಡ್ಡ ಹಿಡಿದು ಕಂಬದ ಹಿಂದೆ ಸೇರಿದ್ದ. ಆಂಜನಪ್ಪ ಗಾಬರಿಯಲ್ಲಿ ಇನ್ನೊಂದು ಕಡೆ ಒತ್ತಿದ. ಗುಂಡು ನಿಂತು, ಸ್ವರಕ್ಕೊಂದರಂತೆ ದೊಡ್ಡ ಸಭೆಯ ಚಪ್ಪಾಳೆ ಬೀಳತೊಡಗಿತು. ಜನ ಒಬ್ಬರ ಕೈ ಒಬ್ಬರು ನೋಡಿಕೊಂಡರು. ಯಾರೂ ತಟ್ಟುತ್ತಿರಲಿಲ್ಲ. ಎಲ್ಲರೂ ದಿಗಿಲುಬಿದ್ದು ಕೂತಿದ್ದರು, ಮೇಷ್ಟ್ರು ಮಾತ್ರ ಕತ್ತು ಓರೆ ಮಾಡಿ ಕೇಳುತ್ತಿದ್ದರು.

ಸುನಂದಾ ಮಾವನನ್ನು ದೂರ ಕೂರಿಸಿ, ಹುಡುಕಿ ಹುಡುಕಿ ಒಂದು ವಾದ್ಯ ಹಾಕಿದಳು. ಹಾರ್ಮೋನಿಯಂ ಅಲ್ಲ, ಅದರ ದಾಯಾದಿ ಎನ್ನಬಹುದು. ಆಮೇಲೆ ಓಟ ಹೆಚ್ಚಿಸಿದಳು.

ಆಗ ಬಂತು. ಹಳೇ ವೇಗ, ಹಳೇ ಬಿಗುವು. ಮಹಾರಾಜ ಮೆಟ್ಟಿಲಿಳಿಯುವಾಗ ಸ್ವರಗಳು ಉರುಳುತ್ತಾ ಮುಂದೆ ಓಡುತ್ತಿದ್ದವಲ್ಲ, ಹಾಗೇ ಓಡಿದವು. ಪರದೆಯ ಹಗ್ಗ ಹಿಡಿಯಲು ನನ್ನ ಕೈ ತಾನೇ ಮೇಲಕ್ಕೆ ಹೋಯಿತು. ಮೇಷ್ಟ್ರು ಒಮ್ಮೆ ಕಂಪ್ಯೂಟರನ್ನು ನೋಡಿದರು, ಒಮ್ಮೆ ತೊಡೆಯ ಮೇಲೆ ಬಿದ್ದಿದ್ದ ಬಲಗೈಯನ್ನು ನೋಡಿದರು.

"ದ್ರಾಕ್ಷಾಯಣಿ, ಬಲಗೈ ಕಣೇ ಇದು" ಎಂದರು.

ದ್ರಾಕ್ಷಾಯಣಮ್ಮ, "ಕೇಳ್ತೈತೆ ಸುಮ್ನಿರಿ" ಎಂದು ಗದರಿಸಿ ಮುಖಕ್ಕೆ ಸೆರಗು ಒತ್ತಿಕೊಂಡರು. ಗುರುಶಾಂತಮ್ಮನಿಗೆ ಈಗ ಸಮಾಧಾನ. "ನಾನ್ ಹೇಳ್ಲಿಲ್ವಾ? ಕೈ ಒಳಗೈತೆ."

ತಿಮ್ಮರಾಜು ಕಂಬದ ಹಿಂದಿನಿಂದ ಬಂದ. "ಇಷ್ಟಕ್ಕೆ ಟೇಪ್ ರೆಕಾರ್ಡರ್ ಸಾಕಿರ್ಲಿಲ್ವಾ?"

"ಟೇಪ್ ಜೋರಾಗಿ ಓಡ್ಸಿದ್ರೆ ಇಲಿ ಕಿರುಚಿದಂಗಾಗುತ್ತೆ ಅಣ್ಣ. ಇದು ಓಟ ಹೆಚ್ಚಿದ್ರೂ ಶ್ರುತಿ ಬಿಡಲ್ಲ. ನಿಮ್ಮ ಗಂಟಲು ಎಷ್ಟಕ್ಕೆ ಹೋಗುತ್ತೆ ಹೇಳಿ, ಶ್ರುತಿನೂ ಇಳಿಸ್ತೀನಿ" ಎಂದಳು ಸುನಂದಾ.

"ನಮ್ ಗಂಟಲು ಯಾಕೆ ಇಳೀಬೇಕು? ಹಾಕಮ್ಮ!" ಎಂದು ತಿಮ್ಮರಾಜು ಟವಲನ್ನು ಕಿರೀಟದಂತೆ ಸುತ್ತಿ ಹಾಡಿದ. ಮೊದಲ ಸಾಲು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಒಂದು ಸ್ವರ ಹಿಡಿದು ಎಂದಿನಂತೆ ಮೇಲೆ ಹತ್ತಿದ. ಕಂಪ್ಯೂಟರು ಕಾಯಲಿಲ್ಲ. ಎರಡನೇ ಸಾಲು ಮುಗಿಸಿ, ಮೂರನೆಯದನ್ನು ಮುಗಿಸಿ, ಕಡೆಯ ಸ್ವರದ ಹತ್ತಿರ ಹೋಗಿತ್ತು.

"ನಿಲ್ಸಮ್ಮಾ! ನಿಲ್ಸು! ನಾನಿನ್ನೂ ಮ್ಯಾಲೇ ಇವ್ನಿ!"

ಮೇಷ್ಟ್ರು ನಕ್ಕರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. "ಅದಕ್ಕೆ ನೀನು ಅಧ್ಯಕ್ಷ ಅಂತ ಗೊತ್ತಿಲ್ಲ ಕಣಪ್ಪ. ಇಳ್ಕೊಂಡು ಬಾ, ಮತ್ತೆ ಹಾಡು."

ಮತ್ತೆ ಹಾಡಿದ, ಮತ್ತೆ ಮೇಲೆ ಉಳಿದ. ಬೈದ. ಜನ ಬಿಸಿಬಿಸಿಯಾಗಿ ಸಲಹೆ ಕೊಟ್ಟರು. ಕಂಪ್ಯೂಟರು ಮಾತ್ರ ಬೇಸರವಿಲ್ಲದೆ ಪ್ರತಿ ಸಲವೂ ಮೊದಲಿನಿಂದ ಹೊರಟು, ಪ್ರತಿ ಸಲವೂ ಅವನನ್ನು ಬಿಟ್ಟು ಹೋಗುತ್ತಿತ್ತು. ಬೆವರಿಳಿಯಿತು, ಟವಲಿನ ಕಿರೀಟ ಬಿಚ್ಚಿಹೋಯಿತು. ತುರುವೇಕೆರೆಯ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದದ್ದು ಅವನಿಗೆ ಕೇಳಲೂ ಇಲ್ಲ. ಆಮೇಲಾಮೇಲೆ ಮೇಲೆ ಹತ್ತುವಾಗಲೇ ಒಂದು ಕಣ್ಣು ಕೆಳಗಿಟ್ಟುಕೊಳ್ಳತೊಡಗಿದ. ಮೇಷ್ಟ್ರು ಅಷ್ಟರಲ್ಲಿ ಸುನಂದಳನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಅವಳು ನಕ್ಕು ತಲೆಯಾಡಿಸಿ ಮೌಸು ಹಿಡಿದಳು.

ಆ ಸಲ ತಿಮ್ಮರಾಜು ಹತ್ತಿದವನು ಹೊತ್ತಿಗೆ ಸರಿಯಾಗಿ ಇಳಿದ. ಎರಡನೇ ಸಾಲು, ಮೂರನೇ ಸಾಲು, ಕಡೆಯ ಸ್ವರ. ಅವನೂ ಕಂಪ್ಯೂಟರೂ ಒಟ್ಟಿಗೆ ನೆಲ ಮುಟ್ಟಿದರು.

ಮೇಷ್ಟ್ರು, "ಇಷ್ಟು ವರ್ಷ ನಾನು ಕಾದಿದ್ದೇ ತಪ್ಪಾಯ್ತು ಕಣಯ್ಯಾ" ಎಂದರು. ಎಡಗೈ ಎತ್ತಿ, ಬೆರಳುಗಳನ್ನು ಅಗಲಿಸಿ, ಕೀಬೋರ್ಡಿನ ಮೇಲೆ ಇಟ್ಟರು.

ಚಪ್ಪಾಳೆ ಬಿತ್ತು. ಒಂದೇ ಕೈಯಲ್ಲಿ, ಒಂದು ಸಭೆಗಾಗುವಷ್ಟು.

ತಿಮ್ಮರಾಜು ಆ ಡಬ್ಬಿಯನ್ನೂ ಮೇಷ್ಟ್ರ ಎಡಗೈಯನ್ನೂ ನೋಡಿದ. ಹೋಟೆಲಿನಲ್ಲಿ ತಾನು ಆಡಿದ ಮಾತು ನೆನಪಾಯಿತೋ ಏನೋ, ಕಿವಿ ಕೆಂಪಾದವು. ವೀಳ್ಯದ ತಟ್ಟೆ ಎತ್ತಿಕೊಂಡು ಬಂದು ಮೇಷ್ಟ್ರ ಮುಂದೆ ಮಂಡಿಯೂರಿದ. ವೀಳ್ಯವನ್ನು ಎಡಗೈಗೆ ಕೊಡುವ ಹಾಗಿಲ್ಲ. ಅವನು ಮೇಷ್ಟ್ರ ಬಲಗೈಯನ್ನು ತೊಡೆಯ ಮೇಲಿಂದ ಎರಡೂ ಕೈಯಲ್ಲಿ ಎತ್ತಿ, ಅಂಗೈ ಬಿಡಿಸಿ, ಎಲೆ ಅಡಿಕೆ ಇಟ್ಟು, ತೆಂಗಿನಕಾಯಿ ಜಾರದ ಹಾಗೆ ತಾನೇ ಹಿಡಿದುಕೊಂಡ. ಹಿಡಿದುಕೊಂಡವನು ಬಿಡಲಿಲ್ಲ.

ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದ ತುರುವೇಕೆರೆಯ ಮೇಷ್ಟ್ರಿಗೆ ಲಕ್ಷ್ಮಕ್ಕ ಎಳನೀರು ಕೊಟ್ಟಳು. ಅವರು ಅರ್ಧ ಕುಡಿದು, "ಈ ವೈರು ಎಲ್ಲಿ ಸಿಕ್ತದೆ ಸ್ವಾಮಿ?" ಎಂದು ಆಂಜನಪ್ಪನನ್ನು ಕೇಳಿದರು. ಆಂಜನಪ್ಪ ದೊಡ್ಡ ಮನುಷ್ಯನ ಹಾಗೆ ಗಂಟಲು ಸರಿಮಾಡಿಕೊಂಡು, ಟವಲನ್ನು ಬಿಚ್ಚಿ ಅವರ ಕೈಯ ಮೇಲೆ ಹಾಸಿದ.

ಇತ್ತ ತಿಮ್ಮರಾಜು ಇನ್ನೂ ಎದ್ದಿರಲಿಲ್ಲ. ತಲೆ ತಗ್ಗಿಸಿಕೊಂಡೇ, ಯಾರಿಗೂ ಕೇಳಬಾರದೆಂದು ಬಹಳ ಮೆಲ್ಲಗೆ, ಅಂದರೆ ಅವನ ಗಂಟಲಿಗೆ ಮೆಲ್ಲಗೆ, ಬೀದಿಗೆಲ್ಲ ಕೇಳುವಂತೆ ಹೇಳಿದ: "ಮೇಷ್ಟ್ರೇ, ಅದನ್ನ ಇನ್ನೊಂದ್ಸಲ ಒತ್ತಿ."

"ಇನ್ನೊಂದ್ಸಲ ಹಾಡು" ಎಂದರು ಮೇಷ್ಟ್ರು. "ಇಳಿದ್ರೆ ಒತ್ತೋಣ."